ಬೆಕ್ಕಿಗೆ ವಾಂತಿಭೇದಿಯಾದಾಗ ಪಶುವೈದ್ಯರನ್ನು ಯಾವಾಗ ಕಾಣಬೇಕು?

ದವಸಧಾನ್ಯಗಳನ್ನು ಕೂಡಿಟ್ಟುಕೊಳ್ಳುವ ವ್ಯವಸಾಯಗಾರನ ಮನೆಯಲ್ಲಿ ಬೆಕ್ಕಿಗೆ ಬಹುಕಾಲದಿಂದಲೂ ಒಂದು ಸ್ಥಾನವಿರುವುದು. ಕಣಜದ ಬಳಿ ಇಲಿಗಳು ಸುಳಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಮನೆಯ ಮಕ್ಕಳ ಮಗ್ಗುಲಲ್ಲಿ ಮಲಗುವುದು ಅದರ ಸಲಿಗೆ. ಆದರೆ ಹಸುವು ಒಂದು ಹೊತ್ತು ಮೆಲುಕು ಹಾಕದಿದ್ದರೆ ಕಳವಳಗೊಳ್ಳುವ ಗೃಹಸ್ಥರೇ, ಬೆಕ್ಕು ಎರಡು ದಿನ ಆಹಾರವನ್ನು ಮುಟ್ಟದಿದ್ದರೂ ಅಷ್ಟಾಗಿ ಗಮನಿಸುವುದಿಲ್ಲ. ಬೆಕ್ಕಾದರೋ ತನ್ನ ಬೇನೆಯನ್ನು ಮರೆಮಾಡಿ ಅಟ್ಟದ ಮೂಲೆಯನ್ನೋ ಹುಲ್ಲಿನ ಬಣವೆಯನ್ನೋ ಸೇರುವ ಸ್ವಭಾವವುಳ್ಳದ್ದು. ಅದನ್ನು ಹುಡುಕಿ ತೆಗೆಯುವ ವೇಳೆಗೆ ರೋಗವು ಕೈಮೀರಿರುವುದೂ ಉಂಟು. ಮತ್ತೊಂದು ಕಡೆ, ಒಮ್ಮೆ ವಾಂತಿಯಾದ ಮಾತ್ರಕ್ಕೆ ಹೆದರುವವರೂ ಇರುವರು. ಆದುದರಿಂದ ಯಾವುದು ತಾನಾಗಿ ವಾಸಿಯಾಗತಕ್ಕದ್ದು, ಯಾವುದಕ್ಕೆ ವೈದ್ಯರ ಸಹಾಯ ಬೇಕು ಎಂಬುದನ್ನು ಪ್ರತಿಯೊಬ್ಬ ಸಾಕಣೆಗಾರನೂ ತಿಳಿದಿರುವುದು ಅವಶ್ಯಕ.

ಗಾಬರಿಪಡಬೇಕಾಗಿಲ್ಲದ ಸಂದರ್ಭಗಳು

ಬೆಕ್ಕು ತನ್ನ ಮೈಯನ್ನು ತಾನೇ ನೆಕ್ಕಿ ಶುಚಿಮಾಡಿಕೊಳ್ಳುವಾಗ ಉದುರಿದ ಕೂದಲು ಹೊಟ್ಟೆಯನ್ನು ಸೇರುವುದು. ಇದರಲ್ಲಿ ಬಹುಭಾಗವು ಮಲದೊಡನೆ ಹೊರಬೀಳುವುದು. ಉಳಿದದ್ದು ಉಂಡೆಗಟ್ಟಿ ಆಗಾಗ್ಗೆ ವಾಂತಿಯಾಗಬಹುದು. ಹುಲ್ಲನ್ನು ಕಡಿದು ತಿಂದು ಕಕ್ಕುವುದೂ, ಅವಸರದಿಂದ ಹೆಚ್ಚಾಗಿ ತಿಂದದ್ದನ್ನು ಒಡನೆಯೇ ಹೊರಹಾಕುವುದೂ ಉಂಟು. ಹಾಲು ಕುಡಿದು ಭೇದಿಯಾಗುವುದು ಸಹ ಸಾಮಾನ್ಯ. ಬೆಕ್ಕಿಗೆ ಹಾಲೇ ಆಹಾರವೆಂದು ನಮ್ಮ ಜನರು ಭಾವಿಸಿರುವರಾದರೂ, ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಕುಂದಿರುವುದು. ಅಂತಹ ಬೆಕ್ಕಿಗೆ ಹಾಲನ್ನು ನಿಲ್ಲಿಸಿದರೆ ಭೇದಿಯೂ ನಿಲ್ಲುವುದು.

ಹೀಗೆ ಒಂದೆರಡು ಸಲ ವಾಂತಿಯೋ ಭೇದಿಯೋ ಆಗಿ, ಬೆಕ್ಕು ಎಂದಿನಂತೆ ಲವಲವಿಕೆಯಿಂದ ಓಡಾಡುತ್ತ, ನೀರು ಕುಡಿದು, ಕರೆದರೆ ಬಂದು ಆಹಾರವನ್ನು ಕೇಳುತ್ತಿದ್ದರೆ ಒಂದು ದಿನ ಕಾದು ನೋಡಬಹುದು. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಯಾವುದನ್ನೂ ಹಾಕದೆ ಬೇಯಿಸಿದ ಮೂಳೆಯಿಲ್ಲದ ಕೋಳಿಮಾಂಸವನ್ನು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ಕೊಡತಕ್ಕದ್ದು. ಶುದ್ಧವಾದ ನೀರು ಯಾವಾಗಲೂ ಎಟಕುವಂತಿರಬೇಕು.

ಮೊದಲು ಪರೀಕ್ಷಿಸಬೇಕಾದ ಅಂಶಗಳು

ಎಷ್ಟು ಸಲ ವಾಂತಿಯಾಯಿತೆಂಬುದೊಂದನ್ನೇ ಎಣಿಸಿದರೆ ಸಾಲದು. ಬೆಕ್ಕಿನ ಒಟ್ಟು ಸ್ಥಿತಿಯನ್ನು ನೋಡಬೇಕು. ಅದು ತಿನ್ನುತ್ತಿದೆಯೇ, ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲುತ್ತಿದೆಯೇ, ಮೂತ್ರವನ್ನು ಸರಾಗವಾಗಿ ಮಾಡುತ್ತಿದೆಯೇ ಎಂದು ವಿಚಾರಿಸತಕ್ಕದ್ದು. ಬಳಿಕ ತುಟಿಯನ್ನು ಮೆಲ್ಲನೆ ಎತ್ತಿ ಒಸಡನ್ನು ನೋಡಿರಿ. ಆರೋಗ್ಯವಾದ ಬೆಕ್ಕಿನ ಒಸಡು ಸಾಮಾನ್ಯವಾಗಿ ನಸುಗೆಂಪಾಗಿಯೂ ತೇವವಾಗಿಯೂ ಇರುವುದು. ಅದು ಅಂಟಂಟಾಗಿ ಒಣಗಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆಯೆಂದೂ, ಬಿಳಿಚಿಕೊಂಡಿದ್ದರೆ ರಕ್ತವು ಕುಂದಿರಬಹುದೆಂದೂ, ಹಳದಿಯಾಗಿದ್ದರೆ ಕಾಮಾಲೆಯಿರಬಹುದೆಂದೂ ತಿಳಿಯಬೇಕು. ಹೆಗಲಿನ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ಅದು ಕೂಡಲೇ ಹಿಂದಿನಂತಾಗದೆ ನಿಧಾನವಾಗಿ ಇಳಿದರೆ, ಅದೂ ನೀರು ಕಡಿಮೆಯಾದುದರ ಗುರುತು.

ಆ ದಿನವೇ ವೈದ್ಯರಿಗೆ ತೋರಿಸಬೇಕಾದ ಸಂದರ್ಭಗಳು

ಒಂದೇ ದಿನದಲ್ಲಿ ಮೂರು ನಾಲ್ಕು ಸಲ ವಾಂತಿಯಾದರೆ, ಭೇದಿಯು 1 ದಿನ ಕಳೆದರೂ ಕಡಿಮೆಯಾಗದಿದ್ದರೆ, 2 ದಿನಗಳವರೆಗೆ ಮಲವಿಸರ್ಜನೆಯಾಗದಿದ್ದರೆ, ಅಥವಾ ಬೆಕ್ಕು 24 ಗಂಟೆಗಳ ಕಾಲ ಏನನ್ನೂ ತಿನ್ನದಿದ್ದರೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಜ್ವರಕ್ಕೆ ಲಂಘನವೇ ಮದ್ದೆಂಬ ನಂಬಿಕೆಯು ಬೆಕ್ಕಿನ ವಿಷಯದಲ್ಲಿ ಅಪಾಯಕರ. ಅದರಲ್ಲಿಯೂ ಕೊಬ್ಬಿದ ಬೆಕ್ಕು ಎರಡು ಮೂರು ದಿನ ಉಪವಾಸವಿದ್ದರೆ, ಮೈಯಲ್ಲಿನ ಕೊಬ್ಬು ಕರಗಿ ಪಿತ್ತಜನಕಾಂಗದಲ್ಲಿ ತುಂಬಿಕೊಂಡು, ಮೊದಲಿನ ರೋಗಕ್ಕಿಂತಲೂ ಘೋರವಾದ ಇನ್ನೊಂದು ರೋಗವು ಹುಟ್ಟುವುದು.

ವಯಸ್ಸಾದ ಬೆಕ್ಕು ವಾರವಾರವೂ ವಾಂತಿಮಾಡುತ್ತ ಇಳಿದುಹೋಗುತ್ತಿದ್ದರೆ, ಅಥವಾ ನೀರನ್ನು ಮಿತಿಮೀರಿ ಕುಡಿಯುತ್ತಿದ್ದರೆ, ಅದನ್ನು ಮುಪ್ಪಿನ ಲಕ್ಷಣವೆಂದು ಬಿಡಲಾಗದು. ಮೂತ್ರಪಿಂಡಗಳ ದೋಷ ಮೊದಲಾದುವುಗಳು ಹೀಗೆಯೇ ಕಾಣಿಸಿಕೊಳ್ಳುವುವು.

ಕ್ಷಣವೂ ತಡಮಾಡಬಾರದ ಸಂದರ್ಭಗಳು

ಮೊದಲನೆಯದು ಮರಿಗಳ ವಾಂತಿಭೇದಿ. ಲಸಿಕೆ ಹಾಕಿಸದ ಮರಿಯು ಜ್ವರದಿಂದ ಮಂಕಾಗಿ, ಪದೇಪದೇ ಕಕ್ಕಿ, ನೀರಿನ ಬಟ್ಟಲಿನ ಮುಂದೆ ತಲೆತಗ್ಗಿಸಿ ಕುಳಿತು ಕುಡಿಯಲಾರದಿದ್ದರೆ, ಪ್ಯಾನ್‌ಲ್ಯೂಕೋಪೀನಿಯಾ ಎಂಬ ಅಂಟುರೋಗವನ್ನು ಶಂಕಿಸಬೇಕು. ಇದು ಕರುಳನ್ನೂ ರಕ್ತದ ಬಿಳಿಯ ಕಣಗಳನ್ನೂ ಹಾಳುಮಾಡಿ, ಕೆಲವೇ ದಿನಗಳಲ್ಲಿ ಮರಿಯನ್ನು ಕೊಲ್ಲಬಲ್ಲುದು. ಮನುಷ್ಯರಿಗೆ ಇದು ಅಂಟದು. ಮರಿಗೆ 6ರಿಂದ 8 ವಾರಗಳಾದಾಗ ಲಸಿಕೆಯನ್ನು ಆರಂಭಿಸಿ, 3ರಿಂದ 4 ವಾರಗಳಿಗೊಮ್ಮೆ 16 ವಾರಗಳು ತುಂಬುವವರೆಗೆ ಹಾಕಿಸುವುದರಿಂದ ಈ ರೋಗವನ್ನು ತಡೆಯಬಹುದು.

ಎರಡನೆಯದು ಇಲಿಪಾಷಾಣ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟವೆಂಬ ಗಾದೆಯು ಪಾಷಾಣವಿಟ್ಟ ಮನೆಗೆ ಸಲ್ಲದು. ಅಲ್ಲಿ ಎರಡಕ್ಕೂ ಪ್ರಾಣಸಂಕಟವೇ. ಜಿಂಕ್ ಫಾಸ್ಫೈಡ್ ಎಂಬ ಬೂದುಗಪ್ಪು ಪುಡಿಯು ಹೊಟ್ಟೆಯ ಆಮ್ಲದೊಡನೆ ಸೇರಿ ವಿಷವಾಯುವನ್ನು ಉಂಟುಮಾಡುವುದು. ಅದನ್ನು ತಿಂದ ಬೆಕ್ಕು ಕೆಲವು ಗಂಟೆಗಳೊಳಗಾಗಿ ಕಕ್ಕಿ, ಏದುಸಿರುಬಿಟ್ಟು, ನಡುಗಬಹುದು. ಅಂತಹ ವಾಂತಿಯಿಂದ ಹೊರಡುವ ವಾಯುವು ಮನುಷ್ಯರಿಗೂ ಅಪಾಯಕರವಾದುದರಿಂದ ಕಿಟಕಿ ಬಾಗಿಲುಗಳನ್ನು ತೆರೆದಿಡಬೇಕು, ಮೂಸಿ ನೋಡಬಾರದು. ಬ್ರೋಮಾಡಯೋಲೋನ್ ಎಂಬ ಇನ್ನೊಂದು ಪಾಷಾಣವು ರಕ್ತವು ಹೆಪ್ಪುಗಟ್ಟದಂತೆ ಮಾಡುವುದು. ಅದನ್ನು ತಿಂದ ಇಲಿಗಳನ್ನು ಹಿಡಿದು ತಿನ್ನುವ ಬೆಕ್ಕಿಗೂ ವಿಷವೇರಬಹುದು. ಇದರ ಚಿಹ್ನೆಗಳು ಕೆಲವು ದಿನಗಳ ಬಳಿಕ ತೋರುವುದರಿಂದ, ಬೆಕ್ಕು ಚೆನ್ನಾಗಿಯೇ ಇದೆಯೆಂದು ಸುಮ್ಮನಿರಬಾರದು. ಕಾಲವಿರುವಾಗಲೇ ಹೋದರೆ ವೈದ್ಯರು ಕೆ1 ಜೀವಸತ್ತ್ವವನ್ನು ಕೊಟ್ಟು ಉಳಿಸಬಲ್ಲರು.

ಮೂರನೆಯದು ದಾರ. ಹೂ ಕಟ್ಟುವ ನೂಲು, ಗಾಳಿಪಟದ ದಾರ ಮೊದಲಾದುವು ನುಂಗಲ್ಪಟ್ಟು ಕರುಳಿನಲ್ಲಿ ಸಿಕ್ಕಿಕೊಂಡರೆ ಎಡೆಬಿಡದೆ ವಾಂತಿಯಾಗುವುದು. ಬಾಯಿಂದಾಗಲಿ ಗುದದ್ವಾರದಿಂದಾಗಲಿ ದಾರವು ನೇತಾಡುತ್ತಿದ್ದರೆ ಅದನ್ನು ಎಂದಿಗೂ ಎಳೆಯಕೂಡದು. ಎಳೆದರೆ ಕರುಳೇ ಕೊಯ್ದುಹೋದೀತು.

ನಾಲ್ಕನೆಯದನ್ನು ಅನೇಕರು ಮಲಬದ್ಧತೆಯೆಂದು ಭ್ರಮಿಸುವರು. ಗಂಡುಬೆಕ್ಕು ಮತ್ತೆಮತ್ತೆ ಕುಕ್ಕರಿಸಿ ಮುಕ್ಕುತ್ತ, ಕೂಗುತ್ತ, ಒಂದು ಹನಿ ಮೂತ್ರವನ್ನೂ ಮಾಡಲಾರದಿದ್ದರೆ, ಮೂತ್ರನಾಳವು ಕಟ್ಟಿರುವುದೆಂದು ತಿಳಿಯತಕ್ಕದ್ದು. ಇದರಿಂದಲೂ ವಾಂತಿಯಾಗುವುದು, ಒಂದೆರಡು ದಿನಗಳಲ್ಲಿಯೇ ಮರಣವೂ ಸಂಭವಿಸುವುದು.

ಇವಲ್ಲದೆ, ವಾಂತಿಯಲ್ಲಿ ಅಥವಾ ಮಲದಲ್ಲಿ ರಕ್ತ ಕಂಡಾಗ, ಮಲವು ಕೀಲೆಣ್ಣೆಯಂತೆ ಕಪ್ಪಾದಾಗ, ಹೊಟ್ಟೆಯು ಉಬ್ಬಿ ಮುಟ್ಟಗೊಡದಿದ್ದಾಗ, ಕುಡಿದ ನೀರೂ ನಿಲ್ಲದಿದ್ದಾಗ, ಬೆಕ್ಕು ಏಳಲಾರದೆ ಬಿದ್ದಿರುವಾಗ ರಾತ್ರಿಯೆಂದು ಬೆಳಗಿನವರೆಗೆ ಕಾಯಬಾರದು.

ಮನೆಯಲ್ಲಿ ಮಾಡಬಾರದ ಚಿಕಿತ್ಸೆ

ಮನುಷ್ಯರ ಔಷಧಿಗಳನ್ನು ಬೆಕ್ಕಿಗೆ ಕೊಡಲೇಬಾರದು. ಜ್ವರಕ್ಕಾಗಿ ನಾವು ನುಂಗುವ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆಯು ಬೆಕ್ಕಿನ ಪ್ರಾಣವನ್ನು ತೆಗೆಯಬಲ್ಲುದು. ವಿಷವನ್ನು ಕಕ್ಕಿಸಲು ಉಪ್ಪುನೀರನ್ನು ಕುಡಿಸುವುದೂ, ಬಲವಂತವಾಗಿ ಎಣ್ಣೆಯನ್ನು ಹೊಯ್ಯುವುದೂ ಹಾನಿಕರ. ಎಣ್ಣೆಯು ಶ್ವಾಸಕೋಶಕ್ಕೆ ಇಳಿದರೆ ಹೊಸ ರೋಗಕ್ಕೆ ಕಾರಣವಾಗುವುದು.

ಆಸ್ಪತ್ರೆಗೆ ಒಯ್ಯುವ ಕ್ರಮ

ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟದೆ, ಗಾಳಿಯಾಡುವ ಮುಚ್ಚಳದ ಬುಟ್ಟಿಯಲ್ಲಿ ಹಳೆಯ ಬಟ್ಟೆಯನ್ನು ಹಾಸಿ ಕೂರಿಸಿಕೊಂಡು ಹೋಗಬೇಕು. ಮಲದ ಸ್ವಲ್ಪ ಭಾಗವನ್ನು ಶುದ್ಧವಾದ ಡಬ್ಬಿಯಲ್ಲಿಯೂ, ಪಾಷಾಣದ ಶಂಕೆಯಿದ್ದರೆ ಅದರ ಪೊಟ್ಟಣವನ್ನೂ ಜೊತೆಗೆ ಒಯ್ಯತಕ್ಕದ್ದು. ರೋಗವು ಯಾವಾಗ ಆರಂಭವಾಯಿತು, ಎಷ್ಟು ಸಲ ವಾಂತಿಭೇದಿಯಾಯಿತು, ಕಡೆಯ ಬಾರಿ ತಿಂದುದು ಮತ್ತು ಮೂತ್ರಮಾಡಿದುದು ಯಾವಾಗ ಎಂಬುದನ್ನು ಬರೆದುಕೊಂಡು ಹೋದರೆ ವೈದ್ಯರ ಕೆಲಸವು ಹಗುರವಾಗುವುದು. ತಾಲ್ಲೂಕು ಕೇಂದ್ರದ ಪಶು ಆಸ್ಪತ್ರೆಯಲ್ಲದೆ, 1958ರಲ್ಲಿ ಆರಂಭವಾದ ಬೆಂಗಳೂರು ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿಯೂ, ಬೀದರ, ಶಿವಮೊಗ್ಗ, ಹಾಸನಗಳ ಕಾಲೇಜುಗಳಲ್ಲಿಯೂ ಪ್ರಾಣಿಗಳಿಗೆ ಚಿಕಿತ್ಸೆಯು ದೊರೆಯುವುದು. ಸಮೀಪದ ಆಸ್ಪತ್ರೆಯ ವೇಳೆಯನ್ನೂ ದೂರವಾಣಿಯ ಸಂಖ್ಯೆಯನ್ನೂ ರೋಗ ಬರುವುದಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳುವುದು ಲೇಸು.

ಪಾಷಾಣವಿಡುವ ರೈತರು ಅದನ್ನು ಬೆಕ್ಕಿನ ಬಾಯಿಗೆ ಸಿಕ್ಕದಂತೆ ಇಟ್ಟು, ಸತ್ತ ಇಲಿಗಳನ್ನು ದಿನದಿನವೂ ಹುಡುಕಿ ಆಳವಾಗಿ ಹೂಳಿದರೆ, ಮೇಲೆ ಹೇಳಿದ ಸಂಕಟಗಳಲ್ಲಿ ಒಂದನ್ನಾದರೂ ಮನೆಯ ಬಾಗಿಲಲ್ಲಿಯೇ ತಡೆದಂತಾಗುವುದು.