ಟೇಲರ್ ಬರೆದ ಸುರಪುರ

ಗುರುಮಠಕಲ್‌ನಿಂದ ಯಾದಗಿರಿ, ಶಹಾಪುರ ದಾಟಿ ಸುರಪುರಕ್ಕೆ ಬಂದರೆ ಗುಡ್ಡದ ಮೇಲೆ ಟೇಲರ್ ಮಂಜಿಲ್ ಕಾಣುತ್ತದೆ. ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲ್‌ನಲ್ಲಿ ಹುಟ್ಟಿದವನು. ಹದಿನೈದರ ಹುಡುಗನಾಗಿ ಮುಂಬಯಿಯ ವ್ಯಾಪಾರಿಯೊಬ್ಬನ ಬಳಿ ಕೆಲಸಕ್ಕೆಂದು ಬಂದು, ಕೊನೆಗೆ ನಿಜಾಮನ ಸೈನ್ಯ ಸೇರಿದ. ಯಾವ ವಿಶ್ವವಿದ್ಯಾಲಯವೂ ಅವನನ್ನು ಇತಿಹಾಸಕಾರನನ್ನಾಗಿ ಮಾಡಲಿಲ್ಲ. ಮಾಡಿದ್ದು ಈ ನೆಲ.

1841ರಲ್ಲಿ ಸುರಪುರ ಸಂಸ್ಥಾನದ ಆಡಳಿತ ಅವನ ಕೈಗೆ ಬಂತು. ಗದ್ದುಗೆಯ ವಾರಸುದಾರ ವೆಂಕಟಪ್ಪ ನಾಯಕ ಆಗ ಇನ್ನೂ ಬಾಲಕ. ಟೇಲರನನ್ನು ಅವನು ‘ಅಪ್ಪಾ’ ಎಂದೇ ಕರೆಯುತ್ತಿದ್ದ. ಆಡಳಿತದ ನಡುವೆಯೇ ಟೇಲರ್ ಜೀವರ್ಗಿ, ರಾಜನಕೋಳೂರು, ಶಹಾಪುರದ ವಿಭೂತಿಹಳ್ಳಿಗಳ ಬೃಹತ್ ಶಿಲಾ ನೆಲೆಗಳತ್ತ ತಿರುಗಿದ. ಗೋರಿಗಳನ್ನು ಅಗೆಸಿ, ಮಣ್ಣಿನ ಪದರುಗಳು, ಮಡಕೆ, ಮೂಳೆ ಸಿಕ್ಕ ಜಾಗವನ್ನೆಲ್ಲ ಸೀಳುನೋಟದ ಚಿತ್ರದಲ್ಲಿ ಗುರುತಿಸಿದ. ಶತಮಾನ ಕಳೆದ ಮೇಲೂ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಈ ಚಿತ್ರಗಳನ್ನು ಮೆಚ್ಚಿದ. ನನ್ನ ಮಟ್ಟಿಗೆ ಟೇಲರನ ಅತ್ಯಂತ ನಂಬುಗೆಯ ಇತಿಹಾಸ ಇದೇ. ಇಲ್ಲಿ ಅವನು ಯಾರ ಮೇಲೂ ತೀರ್ಪು ಕೊಡಬೇಕಿರಲಿಲ್ಲ.

ರಾಜಕೀಯದ ಬರಹ ಬೇರೆ ಮಾತು. 1853ರಲ್ಲಿ ಅಧಿಕಾರ ಪಡೆದ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ, ಸೆರೆಸಿಕ್ಕ. ಹೈದರಾಬಾದಿನ ಸೆರೆಯಲ್ಲಿ ಟೇಲರ್ ಅವನನ್ನು ಕಂಡ. ಮರಣದಂಡನೆ ತಪ್ಪಿ ಶಿಕ್ಷೆ ನಾಲ್ಕು ವರ್ಷಕ್ಕೆ ಇಳಿದಿತ್ತು. ಚೆಂಗಲ್‌ಪಟ್ಟು ಕೋಟೆಗೆ ಒಯ್ಯುವ ದಾರಿಯಲ್ಲಿ ಅವನು ಗುಂಡು ತಗುಲಿ ಸತ್ತ. ತಾನೇ ಹಾರಿಸಿಕೊಂಡನೆಂದು ಟೇಲರ್ ಬರೆದ. ಸುರಪುರದಲ್ಲಿ ಇದನ್ನು ಒಪ್ಪದವರು ಅಂದಿನಿಂದಲೂ ಇದ್ದಾರೆ. ಟೇಲರನ ಆತ್ಮಕಥೆಯ ಈ ಪುಟಗಳಲ್ಲಿ ದುಃಖ ನಿಜ. ಆದರೆ ಹುಡುಗ ಯಾಕೆ ದಂಗೆಯೆದ್ದ ಎಂಬುದಕ್ಕೆ ಕೆಟ್ಟ ಸಹವಾಸವನ್ನು ತೋರಿಸಿದಷ್ಟು ಸಲೀಸಾಗಿ, ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಹಿಡಿತವನ್ನು ಅವನು ತೋರಿಸುವುದಿಲ್ಲ. ಆ ಹಿಡಿತದ ಒಂದು ಕೈ ಅವನದೇ ಆಗಿತ್ತಲ್ಲ.

1860ರಲ್ಲಿ ನಿವೃತ್ತನಾಗಿ ಕಾದಂಬರಿಗಳನ್ನು ಬರೆದ. 1870ರಲ್ಲಿ ವಿದ್ಯಾರ್ಥಿಗಳಿಗಾಗಿ ಭಾರತದ ಇತಿಹಾಸ ತಂದ. 1876ರಲ್ಲಿ, ದೃಷ್ಟಿ ಕಳೆದುಕೊಂಡು, ಫ್ರಾನ್ಸಿನ ಮಾಂತೋನ್‌ನಲ್ಲಿ ತೀರಿಕೊಂಡ. ಆತ್ಮಕಥೆ ಮರುವರ್ಷ ಅಚ್ಚಾಯಿತು. ಸುರಪುರದ ಕಥೆ ದೀರ್ಘಕಾಲ ಹೆಚ್ಚಾಗಿ ಅದರಿಂದಲೇ ಹೊರಜಗತ್ತಿಗೆ ತಿಳಿದಿತ್ತು. ಆಮೇಲೆ ಕಪಟರಾಳ ಕೃಷ್ಣರಾಯರು ‘ಸುರಪುರ ಸಂಸ್ಥಾನದ ಇತಿಹಾಸ’ವನ್ನು ಕನ್ನಡದಲ್ಲಿ ಬರೆದರು. ಎರಡನ್ನೂ ಜೊತೆಯಲ್ಲಿಟ್ಟು ಓದಿದರೆ ಮಾತ್ರ ನಾಯಕರು ಟೇಲರನ ಕಥೆಯ ಪಾತ್ರಗಳಾಗಿ ಉಳಿಯದೆ, ತಮ್ಮದೇ ನಾಡನ್ನಾಳಿದವರಾಗಿ ಕಾಣುತ್ತಾರೆ.