ಹೆಸರು ಮತ್ತು ಸಂಖ್ಯೆ

ಪರೀಕ್ಷೆಯ ಉತ್ತರ ಪತ್ರಿಕೆಯ ಮೇಲೆ ವಿದ್ಯಾರ್ಥಿಯ ಹೆಸರಿರುವುದಿಲ್ಲ. ನೋಂದಣಿ ಸಂಖ್ಯೆ ಮಾತ್ರ ಇರುತ್ತದೆ. ಆ ಸಂಖ್ಯೆ ಯಾರದೆಂದು ತಿಳಿಯಬೇಕಾದರೆ ನೋಂದಣಿ ಪುಸ್ತಕವನ್ನು ತೆರೆದು ನೋಡಬೇಕು. ಪುಸ್ತಕದ ಹಾಳೆಯೊಂದು ಹರಿದುಹೋದರೆ ಉತ್ತರ ಪತ್ರಿಕೆಗೆ ಹಾನಿಯೇನೂ ಆಗದು. ಆದರೆ ಅದು ಯಾರದೆಂದು ಹೇಳುವ ದಾರಿ ಮುಚ್ಚಿಹೋಗುತ್ತದೆ. ಗಣಕಯಂತ್ರದೊಳಗೂ ಇಂಥದೇ ಒಂದು ವ್ಯವಸ್ಥೆಯುಂಟು.

ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಮೊದಲಾದವರು 1969ರಲ್ಲಿ ಯುನಿಕ್ಸ್ ಎಂಬ ಕಾರ್ಯವ್ಯವಸ್ಥೆಯನ್ನು ರೂಪಿಸಲು ತೊಡಗಿದರು. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಅದೇ ಮಾದರಿಯಲ್ಲಿ ಲಿನಕ್ಸನ್ನು ಆರಂಭಿಸಿದನು. ಇವುಗಳಲ್ಲಿ ಪ್ರತಿಯೊಂದು ಕಡತಕ್ಕೂ ಒಬ್ಬ ಒಡೆಯನಿರುತ್ತಾನೆ. ಆದರೆ ಡಿಸ್ಕಿನಲ್ಲಿ ದಾಖಲಾಗುವುದು ಅವನ ಹೆಸರಲ್ಲ, ಅವನ ಸಂಖ್ಯೆ. ಸಂಖ್ಯೆಯನ್ನೂ ಹೆಸರನ್ನೂ ಹೊಂದಿಸುವ ಪಟ್ಟಿಯು 'ಇಟಿಸಿ' ಎಂಬ ಕೋಶದ ಒಂದು ಚಿಕ್ಕ ಕಡತದಲ್ಲಿದೆ. 'ಪಾಸ್‌ವರ್ಡ್' ಎಂಬ ಪದವನ್ನೇ ಕಿರಿದುಗೊಳಿಸಿ ಅದಕ್ಕೆ ಹೆಸರಿಟ್ಟಿದ್ದಾರೆ. ಅದರಲ್ಲಿ ಬಳಕೆದಾರನೊಬ್ಬನಿಗೆ ಒಂದು ಸಾಲು. ಸಾಲಿಗೆ ಏಳು ಭಾಗಗಳು. ಭಾಗಗಳ ನಡುವೆ ಕೋಲನ್ ಚಿಹ್ನೆ. ಬಳಕೆದಾರನ ಹೆಸರು, ಸಂಖ್ಯೆ, ಅವನ ಸ್ವಂತ ಕೋಶ ಮುಂತಾದವು ಅಲ್ಲಿರುತ್ತವೆ.

ಕಡತಗಳನ್ನು ಪರದೆಯ ಮೇಲೆ ತೋರಿಸುವ ಫೈಲ್ ಮ್ಯಾನೇಜರು ಮೊದಲು ಒಡೆಯನ ಸಂಖ್ಯೆಯನ್ನು ಓದುತ್ತದೆ. ಅನಂತರ ಪಟ್ಟಿಯಲ್ಲಿ ಹುಡುಕಿಸಿ ಹೆಸರನ್ನು ತೋರಿಸುತ್ತದೆ. ಯಾರಾದರೂ ಆ ಪಟ್ಟಿಯನ್ನು ತಿದ್ದಹೋಗಿ ಒಂದು ಸಾಲನ್ನು ಅಳಿಸಿದರೆ, ಅಥವಾ ಸಾಮಾನ್ಯ ಬಳಕೆದಾರರು ಅದನ್ನು ಓದಲಾರದಂತೆ ಮಾಡಿದರೆ, ಹುಡುಕಾಟ ವಿಫಲವಾಗುತ್ತದೆ. ಆಗ ಹೆಸರಿನ ಸ್ಥಳದಲ್ಲಿ 1000 ಎಂಬಂಥ ಬರಿಯ ಅಂಕಿ ಕಾಣುತ್ತದೆ. ಆಜ್ಞೆಗಳನ್ನು ಸ್ವೀಕರಿಸುವ 'ಬ್ಯಾಶ್' ಎಂಬ ಕಾರ್ಯಕ್ರಮವನ್ನು ಆಗ ಹೊಸದಾಗಿ ತೆರೆದರೆ, ಅದು 'ನನಗೆ ಹೆಸರಿಲ್ಲ' ಎಂಬರ್ಥದ ಇಂಗ್ಲಿಷ್ ವಾಕ್ಯವನ್ನೇ ಬರೆದು ತೋರಿಸುವುದುಂಟು!

ಇಲ್ಲಿ ಕಡತಗಳೂ ಕೆಟ್ಟಿಲ್ಲ, ಫೈಲ್ ಮ್ಯಾನೇಜರೂ ಕೆಟ್ಟಿಲ್ಲ. ಕೆಟ್ಟಿರುವುದು ಪಟ್ಟಿ ಮಾತ್ರ. ಆದರೆ ಪಟ್ಟಿಯಲ್ಲಿನ ಸಂಖ್ಯೆಯನ್ನೇ ಬದಲಿಸಿದರೆ ತೊಂದರೆ ಹೆಚ್ಚು. 1000 ಇದ್ದುದು 1001 ಆಯಿತೆನ್ನಿ. ಆ ಬಳಕೆದಾರನು ಮತ್ತೆ ಪ್ರವೇಶಿಸಿದಾಗ ಯಂತ್ರವು ಅವನನ್ನು ಬೇರೊಬ್ಬನೆಂದೇ ಎಣಿಸುತ್ತದೆ. ತಾನೇ ಬರೆದ ಪತ್ರವನ್ನು ತಿದ್ದುವ ಅಧಿಕಾರವೂ ಅವನಿಗೆ ತಪ್ಪಿಹೋಗಬಹುದು. ಇದನ್ನು ಕಂಡು ಗಾಬರಿಯಿಂದ ಡಿಸ್ಕನ್ನೇ ಅಳಿಸಿ ಎಲ್ಲವನ್ನೂ ಹೊಸದಾಗಿ ಸ್ಥಾಪಿಸಹೊರಟರೆ, ಉಳಿದಿದ್ದ ಕಡತಗಳೂ ನಾಶವಾಗುತ್ತವೆ. ಹಳೆಯ ಸಂಖ್ಯೆಯನ್ನು ಮರಳಿ ಬರೆದರೆ ಅವನ ಒಡೆತನ ಅವನಿಗೆ ದೊರೆಯುತ್ತದೆ.

ಆದುದರಿಂದ ಇಂಥ ಮೂಲ ಕಡತಗಳನ್ನು ತಿದ್ದುವ ಮೊದಲು ಪ್ರತಿಯೊಂದನ್ನು ತೆಗೆದಿಡಬೇಕು. ಒಂದೇ ಸಮಯದಲ್ಲಿ ಇಬ್ಬರು ತಿದ್ದದಂತೆ ಪಟ್ಟಿಗೆ ಬೀಗ ಹಾಕುವ 'ವಿಐಪಿಡಬ್ಲ್ಯು' ಎಂಬ ಸಾಧನವನ್ನು ಬಳಸಬೇಕು. ತಿದ್ದಿದ ಮೇಲೆ, ಮೇಲ್ವಿಚಾರಕನ ಕಿಟಕಿಯನ್ನು ಮುಚ್ಚುವ ಮುನ್ನವೇ, ಸಾಮಾನ್ಯ ಬಳಕೆದಾರನಾಗಿ ಪ್ರವೇಶಿಸಿ ಪರೀಕ್ಷಿಸಬೇಕು. ಕಣ್ಣಿಗೆ ಕಾಣುವ ದೋಷದ ಮೂಲವು ಕಾಣುವ ಸ್ಥಳದಲ್ಲಿಯೇ ಇರಬೇಕೆಂದಿಲ್ಲ. ಮೂಲವನ್ನು ಅರಿತವನು ಒಂದು ಸಾಲನ್ನು ಸರಿಪಡಿಸಿ ಎಲ್ಲವನ್ನೂ ಉಳಿಸಿಕೊಳ್ಳುತ್ತಾನೆ.