ನಿನ್ನೆ ಚೆನ್ನಾಗೇ ಇತ್ತಲ್ಲ?

ಶಿರಾಳಕೊಪ್ಪದ ಝೆರಾಕ್ಸ್ ಅಂಗಡಿಯೊಂದರಲ್ಲಿ ಪಹಣಿಗಾಗಿ ಕಾದು ನಿಂತಿದ್ದೆವು. ಕಂಪ್ಯೂಟರಿನ ಪರದೆಯ ಮೇಲೆ ಚುಕ್ಕಿಗಳು ಗಾಣದೆತ್ತಿನ ಹಾಗೆ ಸುತ್ತುತ್ತಿದ್ದವು. ಶೇಕಡಾ 27ಕ್ಕೆ ಬಂದ ಲೆಕ್ಕ ಮುಂದೆ ಹೋಗಲೊಲ್ಲದು. "ಅಪ್‌ಡೇಟ್ ತಗೊಂಡೈತ್ರೀ ಯಜಮಾನ್ರೇ, ಈಗ ಆಫ್ ಮಾಡಂಗಿಲ್ಲ" ಎಂದ ಹುಡುಗ. ಬಂದಳಿಕೆ ಕಡೆಯಿಂದ ಬಂದಿದ್ದ ಹಿರಿಯರಿಗೆ ಸಮಾಧಾನವಾಗಲಿಲ್ಲ. "ಅಲ್ಲೋ ತಮ್ಮಾ, ನಿನ್ನೆ ಚೆನ್ನಾಗೇ ಇತ್ತಲ್ಲ? ಬೆಳಗಾಗೋದ್ರೊಳಗೆ ಅದಕ್ಕೇನು ರಿಪೇರಿ?"

ಕೇಳಬೇಕಾದ ಪ್ರಶ್ನೆಯೇ. ಸೈಕಲ್ ಟ್ಯೂಬು ಸವೆಯುತ್ತದೆ, ತೇಪೆ ಹಾಕುತ್ತೇವೆ. ತಂತ್ರಾಂಶ ಸವೆಯುವುದಿಲ್ಲ, ಹತ್ತು ವರ್ಷ ಓಡಿಸಿದರೂ ಅದರ ಒಂದಕ್ಷರ ಮಾಸದು. ಅದರ ತೂತುಗಳು ಬರೆದ ದಿನದಿಂದಲೇ ಇರುತ್ತವೆ. ನಿನ್ನೆಗೂ ಇವತ್ತಿಗೂ ಆದ ವ್ಯತ್ಯಾಸ ಇಷ್ಟೇ: ಒಂದು ತೂತು ಯಾರದೋ ಕಣ್ಣಿಗೆ ಬಿದ್ದಿದೆ.

ಎಂಥ ತೂತು? ಹೆಸರು ಬರೆಯಲೆಂದು ಪ್ರೋಗ್ರಾಮು ಸ್ಮೃತಿಯಲ್ಲಿ 20 ಅಕ್ಷರದ ಜಾಗ ಮೀಸಲಿಟ್ಟಿದೆ ಎನ್ನಿ. ಬಂದದ್ದು 200 ಅಕ್ಷರ. ಅಳೆದು ನೋಡುವ ಒಂದು ಸಾಲನ್ನು ಬರೆದವನು ಮರೆತಿದ್ದರೆ, ಉಳಿದ 180 ಅಕ್ಷರಗಳು ಬದು ಒಡೆದ ಗದ್ದೆಯ ನೀರಿನಂತೆ ಪಕ್ಕದ ಜಾಗಕ್ಕೆ ನುಗ್ಗುತ್ತವೆ. ಪ್ರೋಗ್ರಾಮು ಮುಂದೆ ಎಲ್ಲಿಗೆ ಹೋಗಬೇಕೆಂಬ ಗುರುತು ಅಲ್ಲಿದ್ದರೆ, ಕಳ್ಳ ಆ ಜಾಗದಲ್ಲಿ ತನ್ನ ವಿಳಾಸ ಬರೆದುಬಿಡಬಹುದು. ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ತಿರುಳೊಂದರಲ್ಲೇ 3 ಕೋಟಿಗೂ ಹೆಚ್ಚು ಸಾಲುಗಳಿವೆ. ಅಷ್ಟು ಉದ್ದದ ಬದುವಿನಲ್ಲಿ ಏಡಿ ಕೊರೆದ ಒಂದು ಬಿಲವೂ ಇಲ್ಲವೆಂದು ಆಣೆ ಮಾಡುವವರು ಯಾರು?

ತಮಾಷೆಯೆಂದರೆ, ತೂತು ಎಲ್ಲಿತ್ತೆಂದು ಕಳ್ಳರಿಗೆ ತೋರಿಸುವುದೂ ಅದನ್ನು ಮುಚ್ಚಲು ಬರುವ ಅಪ್‌ಡೇಟ್ ಎಂಬ ತೇಪೆಯೇ. ಹಳೆಯ ಕಡತವನ್ನೂ ಹೊಸದನ್ನೂ ಪಕ್ಕದಲ್ಲಿಟ್ಟು ಹೋಲಿಸಿದರೆ ಎಲ್ಲಿ ಬದಲಾಗಿದೆಯೆಂದು ಗೊತ್ತಾಗುತ್ತದೆ. ಮೈಕ್ರೋಸಾಫ್ಟ್ 2003ರ ಅಕ್ಟೋಬರಿನಿಂದ ತಿಂಗಳ ಎರಡನೆಯ ಮಂಗಳವಾರ ತೇಪೆಗಳ ಗಂಟು ಬಿಡುಗಡೆ ಮಾಡುತ್ತಿದೆ; ಮಾರನೆಯ ದಿನವನ್ನು ಈ ಕಸುಬಿನವರು ದಾಳಿಯ ಬುಧವಾರವೆಂದೇ ಕರೆಯುತ್ತಾರೆ. 2017ರ ಮಾರ್ಚ್ 14ರಂದು ಬಂದ ಒಂದು ತೇಪೆಯನ್ನು ಜಗತ್ತಿನ ಲಕ್ಷಾಂತರ ಕಂಪ್ಯೂಟರುಗಳು ಹಾಕಿಸಿಕೊಳ್ಳಲಿಲ್ಲ. ಸರಿಯಾಗಿ 59 ದಿನಕ್ಕೆ, ಮೇ 12ರಂದು, ಅದೇ ತೂತಿನಿಂದ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ನುಗ್ಗಿತು. ಕಡತಗಳಿಗೆ ಬೀಗ ಜಡಿದು ಕೀಲಿಗೆ ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ವಾಪಸ್ ಕಳಿಸಿದವು. ನಮ್ಮ ನೆರೆಯ ವಯನಾಡಿನಲ್ಲಿ ಗ್ರಾಮ ಪಂಚಾಯಿತಿಯೊಂದರ ಕಂಪ್ಯೂಟರುಗಳೂ ಕೆಟ್ಟು ಕೂತವು.

ಹಾಗೆಂದು ಬಂದ ತೇಪೆಯನ್ನೆಲ್ಲ ಕಣ್ಣಿಗೊತ್ತಿಕೊಳ್ಳಬೇಕೆ? 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟ್ ಸುಮಾರು 85 ಲಕ್ಷ ಕಂಪ್ಯೂಟರುಗಳನ್ನು ಕೆಡವಿತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲೂ ಸಿಬ್ಬಂದಿ ಕೈಬರಹಕ್ಕೆ ಇಳಿಯಬೇಕಾಯಿತು. ಕಾರಣ ಕೇಳಿದರೆ ನಗು ಬರುತ್ತದೆ: 20 ಮೌಲ್ಯಗಳಷ್ಟೇ ಇದ್ದ ಕಡೆ ಪ್ರೋಗ್ರಾಮು 21ನೆಯದನ್ನು ಓದಲು ಹೋಯಿತು. ಕಾವಲುಗಾರನ ಗದ್ದೆಗೇ ಬದು ಇರಲಿಲ್ಲ.

ಆ ಹಿರಿಯರ ಕಡೆಯ ಬಂದಳಿಕೆಗೆ ಹೋದಾಗಲೆಲ್ಲ ನನಗೆ ನೆನಪಾಗುವುದು ದುರಸ್ತಿಯ ಬಗ್ಗೆ ಶಾಸನಗಳ ಒಂದು ಮಾತು. ಒಂದು ಕಾಲಕ್ಕೆ ನಾಗರಖಂಡ ಎಪ್ಪತ್ತು ಎಂಬ ಸೀಮೆಯ ರಾಜಧಾನಿ ಅದು. ಹತ್ತನೆಯ ಶತಮಾನದ ಆರಂಭದಲ್ಲಿ ಜಕ್ಕಿಯಬ್ಬೆ ಎಂಬಾಕೆ ಆಳಿದ ನಾಡು. ಶಾಂತಿನಾಥ ಬಸದಿ, ಸೋಮೇಶ್ವರ, ತ್ರಿಮೂರ್ತಿ ಗುಡಿಗಳು ಈಗ ಪುರಾತತ್ವ ಇಲಾಖೆಯ ಕಾವಲಿನಲ್ಲಿವೆ. ಕನ್ನಡನಾಡಿನ ದಾನಶಾಸನಗಳಲ್ಲಿ ದೇವರ ಅಂಗಭೋಗದ ಜೊತೆಗೆ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೂ ಭೂಮಿ ಬಿಡುವುದು ವಾಡಿಕೆ. ಮುರಿದದ್ದು, ಬಿರುಕು ಬಿಟ್ಟದ್ದು, ಹಳತಾದದ್ದು ಇವುಗಳ ದುರಸ್ತಿಗೆಂದು. ಕಲ್ಲಿನ ಕಟ್ಟಡಕ್ಕೂ ತೇಪೆ ತಪ್ಪದೆಂದು ತಿಳಿದವರು ಅದರ ಖರ್ಚನ್ನು ಮೊದಲೇ ಎತ್ತಿಟ್ಟರು, ಅದೂ ಚಂದ್ರಸೂರ್ಯರಿರುವವರೆಗೆ.

ತಂತ್ರಾಂಶದ ಉಂಬಳಿಗೆ ಚಂದ್ರಸೂರ್ಯರ ಭರವಸೆಯಿಲ್ಲ, ಕೊನೆಯ ತಾರೀಖಿದೆ. 2015ರಲ್ಲಿ ಬಂದ ವಿಂಡೋಸ್ 10ಕ್ಕೆ ಮಾಮೂಲಿ ತೇಪೆಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಘಟಕವನ್ನೂ ಹೊಸ ಪ್ರೊಸೆಸರನ್ನೂ ಕೇಳುತ್ತದೆ. ಗಟ್ಟಿಮುಟ್ಟಾಗಿರುವ ಹಳೆಯ ಯಂತ್ರ ಒಂದು ತಾರೀಖಿನಿಂದ ಅನಾಥ.

ಅಪ್‌ಡೇಟಿಗಾಗಿ ಕಾಯುವುದನ್ನು ಜನ ಸಹಿಸಿಯಾರು. ಓಡುತ್ತಿರುವ ಗಿರಣಿಯ ಬೆಲ್ಟು ಬದಲಿಸಲಾಗದು, ನಿಲ್ಲಿಸಿಯೇ ಹಾಕಬೇಕು. ಬಳಕೆಯಲ್ಲಿರುವ ಕಡತದ ಕಥೆಯೂ ಅದೇ, ಅದಕ್ಕೇ ರೀಸ್ಟಾರ್ಟ್. ಸಿಟ್ಟು ಬರುವುದು ಬೇರೆಯದಕ್ಕೆ. ತೂತು ಮುಚ್ಚುವ ಹೆಸರಿನಲ್ಲಿ ಒಳಬಂದವರು ಒಲೆಯ ಜಾಗ ಬದಲಿಸಿ, ಬೇಡದ ಮಂಚ ತಂದಿಟ್ಟು ಹೋಗುತ್ತಾರೆ. ಭದ್ರತೆಯ ತೇಪೆಯನ್ನೂ ಹೊಸ ಅಲಂಕಾರವನ್ನೂ ಒಂದೇ ಗಂಟಿನಲ್ಲಿ ಕಟ್ಟಿದರೆ, ಅಲಂಕಾರಕ್ಕೆ ಬೇಸತ್ತವರು ತೇಪೆಯನ್ನೂ ಮುಂದೂಡುತ್ತಾರೆ. ಆ 59 ದಿನಗಳು ಹುಟ್ಟುವುದರಲ್ಲಿ ಇದರದೂ ಪಾಲಿದೆ ಎಂಬುದು ನನ್ನ ಗುಮಾನಿ.

ಹನ್ನೊಂದೂವರೆಗೆ ಪರದೆ ಬೆಳಗಿತು. ಪಹಣಿ ಸಿಕ್ಕಿತು, ಆದರೆ ಕಾಗದಕ್ಕೆ ಇಳಿಯಲು ಇನ್ನೂ ಕಾಲು ಗಂಟೆ ಹಿಡಿಯಿತು. ಪ್ರಿಂಟ್ ಗುಂಡಿ ಇದ್ದ ಮೂಲೆಯಲ್ಲಿರಲಿಲ್ಲ.